ಹೂಟರಿನ ಬಾಯಿಗೆ ತುರುಕಿದ ಸೀರೆ ತುಂಡು

ನನ್ನ ಕೆಲಸ ಏನೆಂದು ಹೇಳಿದ ತಕ್ಷಣ ಜನ ಮೂಗು ಸಿಂಡರಿಸುತ್ತಾರೆ. ಸಿಂಡರಿಸಲಿ, ನನ್ನ ಗಂಟೇನು ಹೋಗುತ್ತದೆ? ಬೆಳಿಗ್ಗೆ ಎದ್ದು ಫ್ಲಶ್ ಒತ್ತಿ ಕೈ ತೊಳೆದುಕೊಂಡರೆ ಅವರ ಪಾಲಿಗೆ ಆ ನೀರಿನ ಕಥೆ ಮುಗಿಯಿತು. ನನಗೆ ಅದು ಶುರುವಾಗುವುದೇ ಅಲ್ಲಿಂದ. ರಾಮಮೂರ್ತಿ ನಗರದ ತಗ್ಗಿನಲ್ಲಿ, ಒಂದು ಗಲ್ಲಿಯ ಕೊನೆಗೆ, ಒಳಚರಂಡಿ ನೀರನ್ನು ಮೇಲೆತ್ತುವ ಪಂಪ್‌ಹೌಸ್ ಇದೆ. ನಾನು ಅಲ್ಲಿ ಹಗಲು ಪಾಳಿಯ ಆಪರೇಟರ್, ಗುತ್ತಿಗೆಯವನು. ಯಾವತ್ತು ಬೇಕಾದರೂ ‘ನಾಳೆಯಿಂದ ಬರಬೇಡ’ ಅನ್ನಿಸಿಕೊಳ್ಳುವ ಜಾತಿ.

ಹುಟ್ಟಿ ಬೆಳೆದದ್ದು ಶಿವಾಜಿನಗರ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಅಂಗಡಿಗಳಲ್ಲಿ ಉರ್ದು, ಜಗಳಕ್ಕೆ ಮೂರೂ. ರಸೆಲ್ ಮಾರುಕಟ್ಟೆಯ ಗದ್ದಲದಲ್ಲಿ ಕೂಗಿ ಕೂಗಿ ನನ್ನ ಗಂಟಲು ದೊಡ್ಡದಾಯಿತು. “ನಿಮ್ ಬಾಯಿ ಇರೋವಾಗ ಆ ಪಂಪ್‌ಹೌಸಿಗೆ ಬೇರೆ ಹೂಟರ್ ಯಾಕ್ರೀ?” ಎಂದು ನನ್ನ ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ. ಆ ಬಾಯಿ ತೆರೆಯಲೇಬೇಕಾಗಿದ್ದ ಒಂದು ದಿನ ತೆರೆಯಲಿಲ್ಲ. ಅದನ್ನೇ ಹೇಳಲು ಹೊರಟಿದ್ದೇನೆ.

ಮೊದಲು ಪಂಪ್‌ಹೌಸ್ ಎಂದರೆ ಏನು ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನೀರಿಗೆ ಇಳಿಯುವುದು ಗೊತ್ತು, ಹತ್ತುವುದು ಗೊತ್ತಿಲ್ಲ. ಅದಕ್ಕೇ ನೆಲದೊಳಗಿನ ಪೈಪುಗಳನ್ನು ಇಳಿಜಾರಾಗಿ ಹಾಕುತ್ತಾರೆ. ಇಳಿಜಾರಾಗಿ ಹೋಗ್ತಾ ಹೋಗ್ತಾ ಪೈಪು ಆಳಕ್ಕೆ ಹೋಗುತ್ತದೆ. ನಮ್ಮ ಏರಿಯಾದಂಥ ತಗ್ಗಿನಲ್ಲಿ ದೊಡ್ಡ ಪೈಪು ಮೇಲೆ ಉಳಿದು, ಮನೆಗಳ ನೀರು ಕೆಳಗೆ ಉಳಿಯುತ್ತದೆ. ಆಗ ಅದನ್ನೆಲ್ಲ ಒಂದು ಆಳದ ಬಾವಿಗೆ ಇಳಿಸಿ, ಪಂಪಿನಿಂದ ಎತ್ತಿ, ಮೇಲಿನ ದೊಡ್ಡ ಪೈಪಿಗೆ ಸೇರಿಸಬೇಕು. ಬಾವಿಗೆ ಬರುವ ಮುಂಚೆ ಒಂದು ಜಾಲರಿ. ಬಾವಿಯ ತಳದಲ್ಲಿ ಎರಡು ಪಂಪು, ಒಂದು ದುಡಿಯುವಾಗ ಇನ್ನೊಂದಕ್ಕೆ ಬಿಡುವು. ನೀರಿನ ಮೇಲೆ ತೇಲುವ ಮೂರು ಬುರುಡೆಗಳು, ನಾವು ಫ್ಲೋಟ್ ಅನ್ನುತ್ತೇವೆ. ನೀರು ಏರಿ ನಡುವಿನ ಫ್ಲೋಟ್ ಎದ್ದರೆ ಪಂಪು ತಾನಾಗಿ ಶುರು. ನೀರಿಳಿದು ಕೆಳಗಿನದು ಜೋತು ಬಿದ್ದರೆ ಬಂದ್. ನಡುವಿನದು ಕೈಕೊಟ್ಟು ನೀರು ಇನ್ನೂ ಮೇಲೆ ಬಂತು ಅಂದರೆ ಮೂರನೆಯದು ಎದ್ದು ಗೋಡೆಯ ಮೇಲಿನ ಹೂಟರ್ ಹೊಡೆಯುತ್ತದೆ. ಆ ಕೂಗಿಗೂ ಯಾರೂ ಓಡಿ ಬರದಿದ್ದರೆ, ಬಂದ ದಾರಿಯಲ್ಲೇ ನೀರು ವಾಪಸ್ ಹೋಗುತ್ತದೆ. ಎಲ್ಲಕ್ಕಿಂತ ತಗ್ಗಿನ ಮನೆಯ ಬಚ್ಚಲಿನಲ್ಲಿ ಮೊದಲು ಎದ್ದು ಬರುತ್ತದೆ.

ಇಷ್ಟೇ ವಿದ್ಯೆ. ಆದರೆ ಆ ನೀರಿನಲ್ಲಿ ಬರುವುದು ನೀರು ಮಾತ್ರವೇ? ಕೂದಲು, ಪ್ಯಾಡು, ಹಳೇ ಬನಿಯನ್ನು, ಹೋಟೆಲಿನವರು ಸುರಿದ ಎಣ್ಣೆ. ಎಣ್ಣೆ ತಣ್ಣಗಾಗಿ ಬಾವಿಯಲ್ಲಿ ಗಟ್ಟಿ ಕೆನೆಯಾಗಿ ಕೂರುತ್ತದೆ. ಬಟ್ಟೆ ಹೋಗಿ ಪಂಪಿನ ರೆಕ್ಕೆಗೆ ಸುತ್ತಿಕೊಳ್ಳುತ್ತದೆ. ಆದ್ದರಿಂದ ಜಾಲರಿಯ ಕಸವನ್ನು ದಿನಾ ಬಳಿದು ತೆಗೆಯಬೇಕು. ಹೂಟರನ್ನು ದಿನಾ ಒಂದು ಸಲ ಹೊಡೆಸಿ ನೋಡಬೇಕು. ಫ್ಲೋಟನ್ನು ವಾರಕ್ಕೊಮ್ಮೆ ಮೇಲೆಳೆದು ಜಿಡ್ಡು ತೊಳೆಯಬೇಕು. ಯಾವುದೂ ದೊಡ್ಡ ಕೆಲಸವಲ್ಲ. ಅದಕ್ಕೇ ಯಾರೂ ಮಾಡುವುದಿಲ್ಲ. ನಮ್ಮ ಸೂಪರ್‌ವೈಸರ್ ಒಬ್ಬರಿದ್ದರು, ನನಗಿಂತ ಹದಿನೈದು ವರ್ಷ ಚಿಕ್ಕವರು. ನಾನು ಫ್ಲೋಟ್ ಎಳೆಯಲು ಹಗ್ಗ ಕೇಳಿದಾಗಲೆಲ್ಲ, “ಓಡ್ತಿದ್ಯಲ್ಲ ಗುರು, ಸುಮ್ನೆ ಯಾಕ್ ಕೈ ಹಾಕ್ತೀರಾ?” ಎನ್ನುತ್ತಿದ್ದರು. ಅವರ ಮೇಲೆ ಹಾಕಿ ನಾನು ಪಾರಾಗುವುದಿಲ್ಲ. ಹಗ್ಗ ಸಿಕ್ಕ ಮೇಲೂ ನಾನು ‘ನಾಳೆ ಮಾಡಿದರಾಯ್ತು’ ಅಂದವನೇ.

ಪಂಪ್‌ಹೌಸಿನ ಗೋಡೆಗೆ ಅಂಟಿದಂತೆ ಒಂದು ಮನೆ. ಮೇಲೆ ಮಾಲೀಕರು, ಕೆಳಗೆ ರಸ್ತೆಗಿಂತ ಎರಡು ಮೆಟ್ಟಿಲು ತಗ್ಗಿನಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ. ಅಲ್ಲಿ ಕಲಬುರಗಿ ಕಡೆಯ ಒಬ್ಬ ಅಕ್ಕ ಇದ್ದರು. ಗಂಡ ಕಟ್ಟಡಗಳಲ್ಲಿ ಕಾಂಕ್ರೀಟ್ ಕೆಲಸ, ಅಕ್ಕ ಇಂದಿರಾನಗರದ ನಾಲ್ಕು ಮನೆಗಳಲ್ಲಿ ಪಾತ್ರೆ, ಬಟ್ಟೆ. ಗಲ್ಲಿಯವರೆಲ್ಲ ನನಗೆ ನೀರು ಕೊಡಬೇಕಾದರೂ ಬಿಸಾಕುವ ಲೋಟ ಹುಡುಕುತ್ತಿದ್ದರು. ಈ ಅಕ್ಕ ಮೊದಲನೇ ದಿನವೇ ಮನೆಯ ಸ್ಟೀಲ್ ಲೋಟದಲ್ಲಿ ಚಹಾ ತಂದು ಗೇಟಿನೊಳಗೆ ಕೈ ಚಾಚಿದರು. “ಅಕ್ಕಾ, ಇದು ಮನೆ ಲೋಟ ಅಲ್ವಾ?” ಎಂದೆ. “ಮತ್ತೇನ್ರಿ, ನೀವು ಮನಿಷ್ಯಾ ಅಲ್ಲೇನು?” ಎಂದು ನನ್ನನ್ನೇ ಗದರಿಸಿದರು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದೆ.

ಹೀಗೆ ಸಲಿಗೆ ಬೆಳೆದು ನಮ್ಮಿಬ್ಬರ ನಡುವೆ ಒಂದು ಏರ್ಪಾಡಾಯಿತು. ಆಪರೇಟರ್ ಪಂಪ್‌ಹೌಸ್ ಬಿಟ್ಟು ಕದಲಬಾರದು ಅಂತ ರೂಲ್ಸು. ಆದರೆ ಒಬ್ಬನೇ ಇದ್ದೇನೆ, ಊಟ ಇದೆ, ಬ್ಯಾಂಕಿದೆ, ಹೆಂಡತಿಯ ಆಸ್ಪತ್ರೆ ಇದೆ. “ಅಕ್ಕಾ, ಸ್ವಲ್ಪ ಹೋಗಿ ಬರ್ತೀನಿ, ಹೂಟರ್ ಹೊಡ್ಕೊಂಡ್ರೆ ಒಂದು ಫೋನ್ ಹಾಕಿ” ಎಂದು ಹೇಳಿ ಗೇಟಿಗೆ ಬೀಗ ಹಾಕಿ ಹೋಗುತ್ತಿದ್ದೆ. ಎರಡು ಮೂರು ಸಲ ಫೋನ್ ಬಂದು, ಓಡಿ ಬಂದು ಪಂಪು ಹಾಕಿದ್ದೂ ಉಂಟು. ನನ್ನ ಮೊಬೈಲಿನಲ್ಲಿ ಅವರ ನಂಬರು ‘ಹೂಟರ್ ಅಕ್ಕ’ ಅಂತಲೇ ಇದೆ. ಈ ಭಾಗದ ಎಷ್ಟೋ ಪಂಪ್‌ಹೌಸುಗಳಿಗೆ ಇಂಥ ಒಬ್ಬ ಅಕ್ಕನೋ ಅಜ್ಜಿಯೋ ಪಕ್ಕದಲ್ಲಿ ಇರುತ್ತಾರೆ, ಯಾವ ದಾಖಲೆಯಲ್ಲೂ ಇರುವುದಿಲ್ಲ.

ಅಕ್ಕನಿಗೆ ಒಬ್ಬಳೇ ಮಗಳು, ಕೆ.ಆರ್. ಪುರದ ಕಡೆ ಕೊಟ್ಟಿದ್ದರು. ಹೆರಿಗೆಗೆ ತಾಯಿಯ ಮನೆಗೆ ಬಂದಳು. ಮೊದಲ ಮೊಮ್ಮಗುವಿಗೆ ಅಂತ ಅಕ್ಕ ಕೌದಿ ಹೊಲಿಯಲು ಕೂತರು. ಹಳೇ ಸೀರೆಗಳನ್ನು ಪದರ ಪದರವಾಗಿ ಹಾಸಿ, ಕೈಯಿಂದ ಸಾಲು ಸಾಲು ಹೊಲಿಗೆ ಹಾಕುವ ಹೊದಿಕೆ ಅದು. ಇಂದಿರಾನಗರದ ಮನೆಗಳವರು ಕೊಟ್ಟ ಸೀರೆಗಳು ಒಳಗೆ. ಮೇಲ್ಗಡೆ ಕಾಣುವ ಹಾಗೆ ಅಕ್ಕನ ಅವ್ವನ ಎರಡು ಇಳಕಲ್ ಸೀರೆ. ಅವ್ವ ಹೋಗಿ ಇನ್ನೂ ವರ್ಷವಾಗಿರಲಿಲ್ಲ. ಊರಿನಿಂದ ಅಕ್ಕನ ಪಾಲಿಗೆ ಬಂದದ್ದು ಆ ಎರಡು ಸೀರೆ ಮಾತ್ರ. ಕೌದಿಯ ನಡುವೆ ಅಂಗೈಯಗಲ ಜಾಗವನ್ನು ಹೊಲಿಯದೆ ಬಿಡುತ್ತಾರಂತೆ. ಎಲ್ಲ ಮುಗಿದ ಮೇಲೆ ಅದರೊಳಗೆ ಒಂದು ಚೂರು ರೊಟ್ಟಿ ಇಟ್ಟು, ಮೇಲೊಂದು ಚೌಕದ ತುಂಡು ಹಚ್ಚಿ ಹೊಲಿದುಬಿಡುವುದು. “ಕೌದಿ ಹೊಟ್ಟಿ ತುಂಬಸೂದು ಅಂತೀವ್ರಿ. ಅದರ ಹೊಟ್ಟಿ ತುಂಬಿದ್ರ ಹೊದ್ದ ಕೂಸಿನ ಹೊಟ್ಟೀನೂ ತುಂಬಿರ್ತದ” ಎಂದರು.

ಹೆಣ್ಣು ಮಗು ಹುಟ್ಟಿತು. ಆಸ್ಪತ್ರೆಯಿಂದ ಮನೆಗೆ ಬಂದ ಮಾರನೇ ಬೆಳಿಗ್ಗೆ ನಾನು ಪದ್ಧತಿಯಂತೆ ಹೂಟರ್ ಹೊಡೆಸಿ ನೋಡಿದೆ. ಮಗು ಬೆಚ್ಚಿಬಿದ್ದು, ಉಸಿರು ಕಟ್ಟುವ ಹಾಗೆ ಅತ್ತಿತು. ಅಕ್ಕ ಗೋಡೆಯ ಆಚೆಯಿಂದ, “ಅಣ್ಣಾ, ಆ ಕೂಗು ಒಂಚೂರು ಕಮ್ಮಿ ಮಾಡ್ಲಿಕ್ಕಾಗ್ತದೇನ್ರಿ? ಕೂಸು ಅಂಜ್ತದ” ಎಂದರು. ಕಮ್ಮಿ ಮಾಡಲು ಅದೇನು ರೇಡಿಯೋವೇ? ಒಂದೇ ಉಪಾಯ, ಬಾಯಿಗೆ ಬಟ್ಟೆ. “ದಪ್ಪದ್ದು ಏನಾದ್ರೂ ಇದ್ರೆ ಕೊಡಿ ಅಕ್ಕಾ” ಎಂದೆ. ಅಕ್ಕ ಕೌದಿಯ ರಾಶಿಯಲ್ಲಿ ಹುಡುಕಿ, ಕೆಂಪು ಸೆರಗಿನ ಒಂದು ತುಂಡನ್ನು ಮಡಚಿ ಕೊಟ್ಟರು. “ನಮ್ಮವ್ವನ ಸೀರಿದು, ಗಟ್ಟಿ ಅದ. ಮರಿಮೊಮ್ಮಗಳು ಮಲಗಲಿ ಅಂತ ಆಕೀನೇ ಕೈ ಅಡ್ಡ ಇಟ್ಟಂಗಾತು ಬಿಡ್ರಿ.” ನಾನು ಏಣಿ ಹತ್ತಿ ಅದನ್ನು ಹೂಟರಿನ ಬಾಯಿಗೆ ಗಟ್ಟಿಯಾಗಿ ತುರುಕಿದೆ. ಸ್ವಿಚ್ ಒತ್ತಿ ನೋಡಿದರೆ ಒಳಗೆ ಗೊರಗೊರ ಅನ್ನುತ್ತಿತ್ತು. ಸ್ವಿಚ್ಚುಗಳ ಪ್ಯಾನೆಲ್ ಮುಂದೆ ನಿಂತ ನನಗೆ ಚೆನ್ನಾಗಿ ಕೇಳಿಸಿತು. ಗೋಡೆಯ ಆಚೆಗೆ ಒಂದಿಷ್ಟೂ ಕೇಳಿಸಲಿಲ್ಲ. ಅಕ್ಕ ಖುಷಿಯಾದರು, ನಾನೂ ಖುಷಿಯಾದೆ.

ಮಂಕುಬೂದಿ ನನ್ನ ತಲೆಗೆ! ಹೂಟರ್ ಇರುವುದು ನನಗಾಗಿ ಅಲ್ಲ, ನಾನಿಲ್ಲದ ಹೊತ್ತಿನಲ್ಲಿ ಅಕ್ಕನಿಗಾಗಿ. ಅಷ್ಟು ವರ್ಷ ಅಕ್ಕನ ಕಿವಿಯ ಧೈರ್ಯದ ಮೇಲೆ ಬೀಗ ಹಾಕಿಕೊಂಡು ಹೋದವನು ಅದೇ ಕಿವಿಗೆ ಕೇಳಿಸದ ಹಾಗೆ ಮಾಡಿದ್ದೇನೆ ಅನ್ನುವುದು ಹೊಳೆಯಲೇ ಇಲ್ಲ. ಅಕ್ಕನಿಗೂ ಹೊಳೆಯಲಿಲ್ಲ. ಅವರಿಗೆ ಹೊಳೆಯಬೇಕಾಗಿಯೂ ಇರಲಿಲ್ಲ, ಪಂಪ್‌ಹೌಸ್ ನನ್ನದು.

ಸೋಮವಾರ ತೊಟ್ಟಿಲ ಕಾರ್ಯ ಅಂತ ಗೊತ್ತಾಯಿತು. ಹಿಂದಿನ ದಿನ ಭಾನುವಾರ ಬೆಳಿಗ್ಗೆ ಅಕ್ಕ ಕೌದಿಯನ್ನು ಕೋಣೆಯ ನೆಲದ ತುಂಬ ಹಾಸಿಕೊಂಡು ಕೊನೆಯ ಅಂಚು ಹೊಲಿಯುತ್ತಿದ್ದರು. “ತೊಟ್ಟಿಲಿಗೆ ಹೂವು ನಾನ್ ತರ್ತೀನಿ ಅಕ್ಕಾ, ರಸೆಲ್ ಮಾರ್ಕೆಟ್ಟಲ್ಲಿ ನಮ್ಮೋರೇ ಇದಾರೆ” ಎಂದು ದೊಡ್ಡಸ್ತಿಕೆಯಿಂದ ಹೇಳಿದೆ. “ನೀವ್ಯಾಕ್ರಿ ಅಷ್ಟು ದೂರ, ಇಲ್ಲೇ ಸಿಗ್ತದ” ಅಂದರು. ನಾನು ಕೇಳಬೇಕಲ್ಲ! ಬೀಗ ಹಾಕಿ, “ಹೂಟರ್ ಹೊಡ್ಕೊಂಡ್ರೆ ಫೋನ್ ಮಾಡಿ” ಎಂದು ಬಾಯಿಪಾಠದಂತೆ ಹೇಳಿ, ಸ್ಕೂಟರ್ ಹತ್ತಿದೆ. ಅವರೂ ಬಾಯಿಪಾಠದಂತೆ “ಹೂಂನ್ರಿ” ಅಂದರು.

ಭಾನುವಾರ ಏರಿಯಾದ ಎಲ್ಲರೂ ಮನೆಯಲ್ಲಿರುತ್ತಾರೆ. ತಲೆಗೆ ಸ್ನಾನ, ಒಂದು ವಾರದ ಬಟ್ಟೆ. ಬಾವಿಗೆ ಅತಿ ಹೆಚ್ಚು ನೀರು ಬರುವುದು ಆವತ್ತೇ. ಮೂರು ವಾರದಿಂದ ನಾನು ತೊಳೆಯದ ನಡುವಿನ ಫ್ಲೋಟ್ ಆವತ್ತು ಜಿಡ್ಡಿನ ಕೆನೆಗೆ ಕಚ್ಚಿಕೊಂಡು ಏಳಲೇ ಇಲ್ಲ. ಪಂಪಿಗೆ ಸುದ್ದಿ ಹೋಗಲಿಲ್ಲ. ನೀರು ಏರಿತು, ಮೇಲಿನ ಫ್ಲೋಟ್ ಎದ್ದಿತು, ಹೂಟರ್ ಹೊಡೆಯಿತು. ಬೀಗ ಹಾಕಿದ ಪಂಪ್‌ಹೌಸಿನೊಳಗೆ ಅಕ್ಕನ ಅವ್ವನ ಸೆರಗಿನ ಹಿಂದೆ ಅದು ಗೊರಗೊರ ಅಂದುಕೊಂಡೇ ಇತ್ತು.

ನಾನು ಮಾರುಕಟ್ಟೆಯಲ್ಲಿ ಸೇವಂತಿಗೆ ಚೌಕಾಸಿ ಮಾಡುತ್ತಿದ್ದೆ. ಗದ್ದಲದಲ್ಲಿ ಮೊದಲೆರಡು ಫೋನ್ ಕೇಳಿಸಲಿಲ್ಲ. ಮೂರನೆಯದನ್ನು ಎತ್ತಿದರೆ ಅಕ್ಕ ಕಿರುಚುತ್ತಿದ್ದರು: “ಅಣ್ಣಾ, ಬಚ್ಚಲದಾಗಿಂದ ನೀರು ಬರ್ಲಿಕತ್ತದ್ರಿ, ಹೊಲಸು ನೀರು! ಕೂಸಿನ್ನ ಮಂಚದ ಮ್ಯಾಲ ಹಾಕೀನಿ, ಲಗೂ ಬರ್ರಿ!” ಹೂವು ಅಲ್ಲೇ ಬಿಟ್ಟು ಓಡಿದೆ. ಗೇಟಿನ ಬೀಗದ ಕೈ ನನ್ನ ಜೇಬಿನಲ್ಲಿತ್ತು, ಬೇರೆ ಯಾರೂ ಏನೂ ಮಾಡುವಂತಿರಲಿಲ್ಲ. ಹಲಸೂರು ದಾಟಿ, ಹಳೇ ಮದರಾಸು ರಸ್ತೆ ಹಿಡಿದು, ಟಿನ್ ಫ್ಯಾಕ್ಟರಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಒಂದೇ ಸಮನೆ ಹಾರ್ನ್ ಒತ್ತಿದೆ. ಮುಂದಿನ ಆಟೋದವನು, “ಏನ್ ಗುರು, ಹಾರ್ಕೊಂಡ್ ಹೋಗ್ತೀಯಾ?” ಎಂದು ರೇಗಿದ. ಹಾರಲು ಬಂದಿದ್ದರೆ ಹಾರುತ್ತಿದ್ದೆ.

ಬಂದವನೇ ಪಂಪನ್ನು ಕೈಯಿಂದ ಚಾಲೂ ಮಾಡಿದೆ. ಆಮೇಲೆ ಏನು ಮಾಡಿದೆ ಗೊತ್ತೆ? ಪಕ್ಕದ ಮನೆಗೆ ಓಡಲಿಲ್ಲ. ಇನ್ನೂ ಗೊರಗೊರ ಅನ್ನುತ್ತಿದ್ದ ಹೂಟರನ್ನು ಬಂದ್ ಮಾಡಿ, ಏಣಿ ಹಾಕಿ ಹತ್ತಿ, ಅದರ ಬಾಯಿಂದ ಆ ತುಂಡನ್ನು ಕಿತ್ತು, ಪ್ಯಾಂಟಿನ ಜೇಬಿಗೆ ತುರುಕಿಕೊಂಡೆ. ಅದಾದ ಮೇಲೆ ಅಕ್ಕನ ಬಾಗಿಲಿಗೆ ಹೋದೆ. ಥೂ, ಬರೆಯುವಾಗಲೂ ನಾಚಿಕೆಯಾಗುತ್ತದೆ.

ಮೊಣಕಾಲಿನ ಕೆಳಗಿನವರೆಗೆ ಕಪ್ಪು ನೀರು. ಮಂಚದ ಮೇಲೆ ಬಾಣಂತಿ, ಮಗು. ಮಗುವಿಗೆ ಏನೂ ಆಗಿರಲಿಲ್ಲ, ದೇವರು ದೊಡ್ಡವನು. ನೆಲಕ್ಕೆ ಹಾಸಿದ್ದ ಕೌದಿಯೇ ಮೊದಲು ನೀರು ಕುಡಿದಿತ್ತು. ಅಷ್ಟು ಪದರದ ಬಟ್ಟೆ ಹೊಲಸು ಹೀರಿಕೊಂಡು ಇಬ್ಬರು ಸೇರಿದರೂ ಎತ್ತಲಾಗದಷ್ಟು ಭಾರವಾಗಿತ್ತು. ಎಷ್ಟು ತೊಳೆದರೂ ಇನ್ನು ಅದರಲ್ಲಿ ಕೂಸನ್ನು ಮಲಗಿಸುವ ಹಾಗಿರಲಿಲ್ಲ. ಅಕ್ಕ ಅದರ ಒಂದು ಮೂಲೆ ಹಿಡಿದುಕೊಂಡು ನಿಂತಿದ್ದರು, ಅಳುತ್ತಿರಲಿಲ್ಲ. “ಎರಡೂ ಸೀರಿ ಇದರಾಗೇ ಇದ್ದುವ್ರಿ” ಎಂದಷ್ಟೇ ಅಂದರು.

ಮಧ್ಯಾಹ್ನ ಎಂಜಿನಿಯರ್ ಸಾಹೇಬರು, ಸೂಪರ್‌ವೈಸರ್ ಬಂದರು. ಇನ್ನೆರಡು ಮನೆಗೂ ನೀರು ನುಗ್ಗಿತ್ತು, ಗಲ್ಲಿಯೆಲ್ಲ ಗೇಟಿನ ಮುಂದೆ ಸೇರಿತ್ತು. ತಿಂಡಿಗೆ ಹೋಗಿದ್ದೆ ಎಂದು ನಾನು ಸುಳ್ಳು ಹೇಳಿದೆ. ಸಾಹೇಬರು ಹೂಟರಿನ ಸ್ವಿಚ್ ಒತ್ತಿದರು. ಕಿವಿ ಹರಿದು ಹೋಗುವ ಹಾಗೆ ಕೂಗಿತು. “ಹೂಟರ್ ಸರಿಯಾಗೇ ಇದೆಯಲ್ರೀ. ಅಂದ್ರೆ ಹೊಡೆದಿರ್ಲೇಬೇಕು. ಯಾರಿಗೂ ಕೇಳಿಸ್ಲಿಲ್ವಾ?” ಎಂದು ಜನರನ್ನು ಕೇಳಿ, ನನ್ನ ಮುಖ ನೋಡಿದರು. ಜನ ಇಲ್ಲ ಇಲ್ಲ ಎಂದು ತಲೆಯಾಡಿಸಿದರು.

ಆಗ ಅಕ್ಕ ಮುಂದೆ ಬಂದರು. “ಹೊಡೀತ್ರಿ ಸಾಹೇಬ್ರ. ನನಗ ಕೇಳಿಸ್ತು. ಈ ಅಣ್ಣಾರು ಫೋನ್ ಮಾಡ್ರಿ ಅಂತ ಹೇಳಿದ್ರು, ಕೂಸಿನ ಗದ್ದಲದಾಗ ನಾನೇ ಮರ್ತೆ” ಎಂದರು. ನನ್ನ ಕಡೆ ನೋಡಲೇ ಇಲ್ಲ. ತುಂಡು ಕೊಟ್ಟವಳು ತಾನು, ಕೆಲಸ ಹೋಗುವುದು ನನ್ನದು ಅಂತ ಅವರ ಲೆಕ್ಕ ಇದ್ದಿರಬೇಕು. ನಾನು ಒಂದು ಮಾತು, ಒಂದೇ ಮಾತು ಆಡಿದ್ದರೆ ಸಾಕಿತ್ತು. ರಸೆಲ್ ಮಾರುಕಟ್ಟೆಯನ್ನೇ ನಡುಗಿಸಿದ ಗಂಟಲು ನನ್ನದು. ಜೇಬಿನ ಮೇಲೆ ಕೈ ಇಟ್ಟುಕೊಂಡು ಸುಮ್ಮನೆ ನಿಂತೆ.

ಅಲ್ಲಿಂದ ಗಲ್ಲಿಯವರೆಲ್ಲ ಅಕ್ಕನ ಮೇಲೆ ಬಿದ್ದರು. “ಕೇಳಿಸಿದ್ರೂ ಫೋನ್ ಮಾಡಿಲ್ಲ ಅಂದ್ರೆ ಎಂಥಾ ಹೆಂಗಸಮ್ಮ ನೀನು!” ಎಂದು ಮಹಡಿಯ ಮೇಲಿನಿಂದ ಮಾಲೀಕರು ಕೂಗಿದರು. ಸಂಜೆಯೊಳಗೆ ಅಳಿಯ ಬಂದು, ಇಂಥ ಬೇಜವಾಬ್ದಾರಿ ಮನೆಯಲ್ಲಿ ಹಸುಗೂಸನ್ನು ಬಿಡುವುದಿಲ್ಲವೆಂದು ಮಗಳನ್ನೂ ಮಗುವನ್ನೂ ಕರೆದುಕೊಂಡು ಹೋದ. ತೊಟ್ಟಿಲ ಕಾರ್ಯ ಅವರ ಮನೆಯಲ್ಲೇ ಆಯಿತು. ಅಕ್ಕ ಅಂಗಡಿಯ ಒಂದು ಬೆಡ್‌ಶೀಟ್ ತೆಗೆದುಕೊಂಡು, ನೆಂಟರ ಹಾಗೆ ಹೋಗಿ, ನೆಂಟರ ಹಾಗೆ ಬಂದರು.

ಒಂದು ವಾರದ ಮೇಲೆ ಮತ್ತೆ ಚಹಾ ತಂದರು. ಅದೇ ಸ್ಟೀಲ್ ಲೋಟ. ನಾನು ತಲೆ ಎತ್ತಲಾಗದೆ ಕುಡಿಯುತ್ತಿದ್ದಾಗ ಕೇಳಿದರು: “ಅಣ್ಣಾ, ಆ ತುಂಡು ನಿಮ್ಮ ಕಡಿ ಅದೇನ್ರಿ? ಹೊಸಾ ಕೌದಿ ಹಿಡದೀನಿ. ಮ್ಯಾಲಿಂದು ಯಾವುದಾರ ಇರ್ಲಿ, ಹೊಟ್ಟಿಗಿ ನಮ್ಮವ್ವಂದು ಅಷ್ಟು ಹಚ್ಚಬೇಕು ಅಂತ ಆಸಿ.” ನೀರು ಮುಟ್ಟದೆ ಉಳಿದಿದ್ದು ಜಗತ್ತಿನಲ್ಲಿ ಆ ತುಂಡೊಂದೇ. ಅದು ಪಂಪ್‌ಹೌಸಿನೊಳಗಿನ ನನ್ನ ಬೀರುವಿನಲ್ಲಿ, ಹತ್ತು ಹೆಜ್ಜೆ ದೂರದಲ್ಲಿತ್ತು. ಬೀರುವಿನ ಪಕ್ಕದ ಕುರ್ಚಿಯಲ್ಲಿ ಸೂಪರ್‌ವೈಸರ್ ಕೂತಿದ್ದರು. ಯಾವ ತುಂಡು ಎಂದು ಅವರು ಕೇಳಿದರೆ? “ಅದಾ? ಎಸೆದ್ಬಿಟ್ಟೆ ಅಕ್ಕಾ” ಎಂದೆ.

“ಹೋಗ್ಲಿ ಬಿಡ್ರಿ” ಎಂದು ಅಕ್ಕ ಲೋಟ ತೆಗೆದುಕೊಂಡು ಹೋದರು.

ಸೂಪರ್‌ವೈಸರ್ ಹೋದ ಮೇಲೆ ಕೊಟ್ಟರಾಯ್ತು ಅಂದುಕೊಂಡೆ. ಸಂಜೆ ಆಯಿತು, ಎಸೆದೆ ಅಂದವನು ಈಗ ಹೇಗೆ ಕೊಡಲಿ ಎಂದು ಮಾತು ಹೊಂದಿಸುತ್ತ ಕೂತೆ. ನಾಳೆ ಅಂದೆ. ಸೋಮವಾರ ಅಂದೆ. ಇನ್ನೊಂದು ವಾರವಾಗುವಷ್ಟರಲ್ಲಿ ಮಾಲೀಕರು ಮನೆ ಖಾಲಿ ಮಾಡಿಸಿದರು. ಆವತ್ತು ನನಗೆ ವಾರದ ರಜೆ. ಮಾರನೇ ದಿನ ಬಂದಾಗ ಬಾಗಿಲಿಗೆ ಬೀಗ, ಮೇಲೆ ಟು-ಲೆಟ್ ಬೋರ್ಡು. ಗೇಟಿನ ಕಂಬಿಗೆ ಒಂದು ಪ್ಲಾಸ್ಟಿಕ್ ಕವರ್ ಕಟ್ಟಿತ್ತು. ಒಳಗೆ ನಾಲ್ಕು ಜೋಳದ ರೊಟ್ಟಿ, ಒಂದು ಪೊಟ್ಟಣ ಶೇಂಗಾ ಚಟ್ನಿ, ನನಗೆ. ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಈಗ ಯಾರು ಬೇಡವೆಂದರೂ ಪ್ರತಿ ಸೋಮವಾರ ಮೂರೂ ಫ್ಲೋಟ್ ಎಳೆದು, ಬೆರಳಿನಿಂದ ಮುಟ್ಟಿದರೆ ಜಿಡ್ಡು ಹತ್ತದಂತಾಗುವ ತನಕ ತೊಳೆಯುತ್ತೇನೆ. ಜಾಲರಿ ದಿನಾ. ಬೆಳಿಗ್ಗೆ ಒಂಬತ್ತಕ್ಕೆ ಹೂಟರ್. ಪಕ್ಕದ ಮನೆಗೆ ಬಂದ ಹೊಸಬರು, “ಏನ್ರೀ ಇದು ದಿನಾ ನಿಮ್ದು ರಂಪ” ಎಂದು ಬೈಯುತ್ತಾರೆ. “ಬೈಕೊಳ್ಳಿ ಸ್ವಾಮಿ, ಕೇಳಿಸ್ತಲ್ಲ, ಅಷ್ಟೇ ಬೇಕು” ಎನ್ನುತ್ತೇನೆ. ಪಂಪ್‌ಹೌಸ್ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಹೊಸ ಹುಡುಗರು ತರಬೇತಿಗೆ ಬಂದರೆ, ಇವತ್ತಿನದನ್ನು ಇವತ್ತೇ ತೊಳೆಯಿರಿ, ಜಿಡ್ಡು ನಿಮಗಾಗಿ ಕಾಯುವುದಿಲ್ಲ ಎಂದು ಭಾಷಣ ಬಿಗಿಯುತ್ತೇನೆ.

ಸೆರಗಿನ ತುಂಡು ಬೀರುವಿನಲ್ಲೇ ಇದೆ, ಒಗೆದು ಮಡಚಿ ಇಟ್ಟಿದ್ದೇನೆ. ನಂಬರು ಮೊಬೈಲಿನಲ್ಲೇ ಇದೆ. ಇವತ್ತು ಬೆಳಿಗ್ಗೆ ಹೂಟರ್ ಹೊಡೆಸಿ ಆದ ಮೇಲೆ ‘ಹೂಟರ್ ಅಕ್ಕ’ ಎಂಬುದನ್ನು ಒತ್ತಿದೆ. ಒಂದು ರಿಂಗ್ ಹೋಯಿತು. ಕಟ್ ಮಾಡಿ, ನಾಳೆ ಮಾಡಿದರಾಯ್ತು ಅಂದುಕೊಂಡು ಫೋನನ್ನು ಜೇಬಿಗೆ ಹಾಕಿದೆ.